ತಲೆ ಮೇಲೆ ದೋಣಿ ಹೊತ್ತವರು

ಐರ್ಲೆಂಡಿನ ಪಶ್ಚಿಮ ಕರಾವಳಿಯ ಹಳೆಯ ಫೋಟೊಗಳಲ್ಲಿ ಕಡಲದಂಡೆ ಮೇಲೆ ನಡೆದು ಬರುವ ಆರು ಕಾಲಿನ ಕಪ್ಪು ಜೀರುಂಡೆಯೊಂದು ಕಾಣುತ್ತದೆ. ಗಮನಿಸಿ ನೋಡಿದರೆ ಅದು ದೋಣಿ. ಮೂವರು ಗಂಡಸರು ಅದನ್ನು ಬೋರಲು ಮಾಡಿ ತಲೆ ಮೇಲೆ ಹೊತ್ತಿರುತ್ತಾರೆ. ಈ ದೋಣಿಗೆ ಕರಖ್ ಎಂದು ಹೆಸರು. ಕೆರ್ರಿ ಕಡೆ ನೇವೋಗ್ ಅಂತಾರೆ.

ಮೊದಲು ಮರದ ಹಂದರದ ಮೇಲೆ ಎತ್ತಿನ ಚರ್ಮ ಹೊದಿಸುತ್ತಿದ್ದರು. ಆಮೇಲೆ ಡಾಂಬರು ಬಳಿದ ಕ್ಯಾನ್ವಾಸ್ ಬಂತು. ಆರನ್ ದ್ವೀಪಗಳು ಬರೀ ಸುಣ್ಣಕಲ್ಲಿನ ಬಯಲು, ಮರ ಅಪರೂಪ. ಹಲಗೆ ದೋಣಿಗೆ ಬೇಕಾಗುವಷ್ಟು ಮರ ಎಲ್ಲಿಂದ ತರುವುದು? ಅಟ್ಲಾಂಟಿಕ್ ಅಲೆಗಳ ಎದುರು ದೋಣಿ ಕಟ್ಟಿಹಾಕಲು ಒಳ್ಳೆಯ ಬಂದರೂ ಕಡಿಮೆ. ಹಾಗಾಗಿ ದಡ ಮುಟ್ಟಿದ ಕೂಡಲೇ ದೋಣಿಯನ್ನೇ ಎತ್ತಿಕೊಂಡು ಮೇಲೆ ಒಯ್ಯಬೇಕು, ಗಾಳಿಗೆ ಹಾರದಂತೆ ಕಲ್ಲು ಕಟ್ಟಿ ಇಡಬೇಕು. ನಮ್ಮ ಐಟಿ ಕೆಲಸದಲ್ಲಿ ಹಗುರ ಅಂದರೆ ಏನೋ ಕೈಬಿಟ್ಟಿದ್ದಾರೆ ಅಂತ ಕ್ಲೈಂಟಿಗೆ ಅನುಮಾನ. ಇಲ್ಲಿ ಹಗುರವೇ ಮೂಲ ಬೇಡಿಕೆ.

ಹಗುರವಾದ್ದರಿಂದ ಕರಖ್ ಅಲೆಯನ್ನು ಸೀಳುವುದಿಲ್ಲ, ಅದರ ಮೇಲೇರಿ ಇಳಿಯುತ್ತದೆ. ಆದರೆ ಒಂದು ಚೂಪು ಬಂಡೆ ತಗುಲಿದರೆ ಹರಿಯಿತು. ಮೀನು, ಗೊಬ್ಬರಕ್ಕೆ ಕಡಲಪಾಚಿ, ಪಾದ್ರಿ, ಶವಪೆಟ್ಟಿಗೆ ಎಲ್ಲವೂ ಇದರಲ್ಲೇ ಸಾಗುತ್ತಿದ್ದವು. ಸಣ್ಣ ದ್ವೀಪಗಳ ದಡಕ್ಕೆ ಹಡಗು ಬರಲಾಗುತ್ತಿರಲಿಲ್ಲ. ದೂರದಲ್ಲಿ ನಿಂತ ಹಡಗಿನವರೆಗೆ ದನಗಳನ್ನು ಕರಖ್‌ನ ಹಿಂದೆ ಈಜಿಸಿಕೊಂಡು ಹೋಗಿ, ಅಲ್ಲಿ ಪಟ್ಟಿ ಕಟ್ಟಿ ಮೇಲೆತ್ತುತ್ತಿದ್ದರು.

ದನ ಈಜಿಸುವ ಈ ವಿಷಯ ಓದಿದಾಗ ನನಗೆ ನೆನಪಾದದ್ದು ನಮ್ಮ ತುಂಗಭದ್ರೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್, ಒಳಗೆ ಬೆತ್ತ, ಹೊರಗೆ ತೊಗಲು ಇರುವ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ಅವೇ ಹರಿಗೋಲು. ಎತ್ತು, ಕುದುರೆಗಳು ಹೆಚ್ಚಾಗಿ ಈಜಿಯೇ ಹೊಳೆ ದಾಟುತ್ತಿದ್ದವಂತೆ! ಐರ್ಲೆಂಡಿನ ಬಾಯ್ನ್ ನದಿಯಲ್ಲೂ ಹೆಣೆದ ಬುಟ್ಟಿಗೆ ತೊಗಲು ಹೊದಿಸಿದ ಕರಖ್ ಇತ್ತು. ಯಾರು ಯಾರಿಂದ ಕಲಿತರು ಅಂತ ಹುಡುಕುವ ಅಗತ್ಯವಿಲ್ಲ. ದನ ಸಾಕುವ ಜನಕ್ಕೆ ತೊಗಲು ಕೈಗೆ ಸಿಗುತ್ತದೆ, ಅಷ್ಟೇ.

ತೊಗಲ ದೋಣಿ ಸಾಗರ ದಾಟೀತೇ? ಸಂತ ಬ್ರೆಂಡನ್ ಇಂಥದ್ದರಲ್ಲೇ ಪಶ್ಚಿಮಕ್ಕೆ ಹೋದನೆಂಬ ಮಧ್ಯಯುಗದ ಕಥೆಯಿದೆ. ಅದನ್ನು ಪರೀಕ್ಷಿಸಲು ಟಿಮ್ ಸೆವೆರಿನ್ 49 ಎತ್ತಿನ ಚರ್ಮ ಹೊಲಿಸಿ, 36 ಅಡಿಯ ದೋಣಿ ಕಟ್ಟಿಸಿ 1976ರಲ್ಲಿ ಕೆರ್ರಿಯಿಂದ ಹೊರಟರು. ಚಳಿಗಾಲವನ್ನು ಐಸ್‌ಲ್ಯಾಂಡಿನಲ್ಲಿ ಕಳೆದು 1977ರ ಜೂನ್‌ನಲ್ಲಿ ನ್ಯೂಫೌಂಡ್‌ಲ್ಯಾಂಡ್ ತಲುಪಿದರು. ದಾರಿಯಲ್ಲಿ ಹಿಮಗಡ್ಡೆ ತಾಗಿ ಚರ್ಮ ತೂತಾದಾಗ ನಡುನೀರಿನಲ್ಲೇ ತೇಪೆ ಹಾಕಿ ಹೊಲಿದರು. ಹಲಗೆಯಾಗಿದ್ದರೆ ಸೂಜಿದಾರ ಸಾಕಾಗುತ್ತಿತ್ತೇ?

ಇಷ್ಟಾದರೂ ಈ ದೋಣಿಯನ್ನು ತೀರಾ ರಮ್ಯವಾಗಿಸುವುದು ನನಗೆ ಹಿಡಿಸದು. ಆರನ್ ದ್ವೀಪಗಳಲ್ಲಿ ಕೆಲಕಾಲ ಇದ್ದ ಜೆ.ಎಂ. ಸಿಂಜ್ 1904ರಲ್ಲಿ ರಂಗಕ್ಕೆ ತಂದ 'ರೈಡರ್ಸ್ ಟು ದ ಸೀ' ನಾಟಕದಲ್ಲಿ ತಾಯಿಯೊಬ್ಬಳು ಗಂಡುಮಕ್ಕಳನ್ನೆಲ್ಲ ಕಡಲಿಗೆ ಕೊಡುತ್ತಾಳೆ. ಮುಳುಗಿದ ಒಬ್ಬ ಮಗನ ಗುರುತು ಸಿಗುವುದು ಕಾಲುಚೀಲದ ಹೆಣಿಗೆಯಿಂದ.

ಕೆರ್ರಿಯ ಗ್ರೇಟ್ ಬ್ಲಾಸ್ಕೆಟ್ ದ್ವೀಪಕ್ಕೂ ನೇವೋಗ್ ಒಂದೇ ಸೇತುವೆ. 1946–47ರ ಚಳಿಗಾಲದಲ್ಲಿ ಅಲ್ಲಿನ ಯುವಕನೊಬ್ಬ ಕಾಯಿಲೆ ಬಿದ್ದ. ವೈದ್ಯರು ಬರಲಾಗಲಿಲ್ಲ, ಆತ ತೀರಿಕೊಂಡ. ಯುವಜನರು ಆಗಲೇ ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದರು. ದೊಡ್ಡ ದೋಣಿ ಹುಟ್ಟುಹಾಕಲು ಬಲವಾದ ತೋಳುಗಳೇ ಕಡಿಮೆಯಾದವು. 1953ರಲ್ಲಿ ಸರ್ಕಾರ ಉಳಿದವರನ್ನು ಎದುರಿನ ದಡಕ್ಕೆ ಕರೆತಂದಿತು.

ಈಗ ಕರಖ್ ಹೆಚ್ಚಾಗಿ ಕಾಣುವುದು ದೋಣಿ ಪಂದ್ಯಗಳಲ್ಲಿ. ಕೆಲವದಕ್ಕೆ ಫೈಬರ್‌ಗ್ಲಾಸ್ ಹೊದಿಕೆ. ಹಂಪಿಯ ಹರಿಗೋಲಿಗೆ ಪ್ಲಾಸ್ಟಿಕ್ ಹಾಳೆ ಬಂದಂತೆಯೇ.