ಕನ್ನಡಿ ಎದ್ದ ಕ್ಷಣ: ಮೊದಲ ಡಿಎಸ್‌ಎಲ್‌ಆರ್ ಕೊಳ್ಳುವ ಮುನ್ನ

ಚಿತ್ರದುರ್ಗದ ಕೋಟೆಯಲ್ಲಿ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಓಡಾಡುವವರನ್ನು ಕಂಡರೆ ಹುಡುಗರು ಕೇಳುವ ಮೊದಲ ಪ್ರಶ್ನೆ, 'ಅಣ್ಣಾ, ಎಷ್ಟು ಮೆಗಾಪಿಕ್ಸೆಲ್?' ಅದರ ಬೆನ್ನಿಗೇ, 'ಎಷ್ಟು ದೂರ ಝೂಮ್ ಆಗುತ್ತೆ?' ಎರಡಕ್ಕೂ ಉತ್ತರ ಡಬ್ಬದ ಮೇಲೆ ಮುದ್ರಿಸಿರುತ್ತದೆ. ಹವ್ಯಾಸಕ್ಕೆಂದು ಮೊದಲ ಡಿಎಸ್‌ಎಲ್‌ಆರ್ ಆರಿಸುವವರಿಗೆ ನಿಜಕ್ಕೂ ಬೇಕಾದ ಮಾಹಿತಿ ಮಾತ್ರ ಡಬ್ಬದ ಮೇಲೆ ಇರುವುದಿಲ್ಲ. ಲೆನ್ಸಿನ ಮುಂದಿನ ಗಾಜಿಗೆ ಬಿದ್ದ ಬೆಳಕು ಒಳಗೆ ಯಾವ ದಾರಿ ಹಿಡಿಯುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಕಡಿಮೆಯಾಗುತ್ತದೆ ಎಂದು ತಿಳಿದುಕೊಂಡರೆ ದುಡ್ಡನ್ನು ಎಲ್ಲಿ ಹಾಕಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಲೆನ್ಸ್ ಬಿಚ್ಚಿ ಬಾಡಿಯೊಳಗೆ ಇಣುಕಿದರೆ 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿ ಕಾಣುತ್ತದೆ. ಲೆನ್ಸಿನಿಂದ ಬಂದ ಬೆಳಕು ಅದಕ್ಕೆ ಬಡಿದು ಮೇಲಕ್ಕೆ ತಿರುಗಿ, ಮಬ್ಬು ಗಾಜಿನ ಪುಟ್ಟ ಪರದೆಯ ಮೇಲೆ ಬಿಂಬ ಮೂಡಿಸುತ್ತದೆ. ಎಡಬಲ ಅದಲುಬದಲಾದ ಆ ಬಿಂಬವನ್ನು ಮೇಲಿರುವ ಐದು ಮೂಲೆಯ ಗಾಜಿನ ಪಟ್ಟಕ ಸರಿಪಡಿಸಿ ಕಣ್ಣಿಗೆ ತಲುಪಿಸುತ್ತದೆ. ಬಟನ್ ಒತ್ತಿದ ತಕ್ಷಣ ಕನ್ನಡಿ ಮೇಲೇಳುತ್ತದೆ, ವ್ಯೂಫೈಂಡರ್ ಕತ್ತಲಾಗುತ್ತದೆ, ಶಟರ್‌ನ ಮೊದಲ ಪರದೆ ಸರಿದು ಸೆನ್ಸರ್ ಮೇಲೆ ಬೆಳಕು ಬೀಳುತ್ತದೆ, ಎರಡನೆಯ ಪರದೆ ಮುಚ್ಚುತ್ತದೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ನಾವು ಕೇಳುವ 'ಕ್ಲಿಕ್' ಸದ್ದು ಬಹುಮಟ್ಟಿಗೆ ಈ ಕನ್ನಡಿಯದೇ. ಫೋಟೋ ಮೂಡುವ ಆ ಒಂದು ಕ್ಷಣ ಮಾತ್ರ ಫೋಟೋಗ್ರಾಫರನ ಕಣ್ಣಿಗೆ ಏನೂ ಕಾಣುವುದಿಲ್ಲ ಎಂಬುದು ಈ ಯಂತ್ರದ ಸೋಜಿಗ.

ಏರ್ಪಾಡು ಹಳೆಯದು. ಒಂದೇ ಲೆನ್ಸಿನ ಕನ್ನಡಿ ಕ್ಯಾಮೆರಾಕ್ಕೆ ಇಂಗ್ಲೆಂಡಿನ ಥಾಮಸ್ ಸಟನ್ ಪೇಟೆಂಟ್ ಪಡೆದದ್ದು 1861ರಲ್ಲಿ. ಜರ್ಮನಿಯ ಡ್ರೆಸ್ಡನ್‌ನಲ್ಲಿ ತಯಾರಾದ ಕಾಂಟಾಕ್ಸ್ ಎಸ್ 1949ರಲ್ಲಿ ಪಟ್ಟಕವನ್ನು ಹೊತ್ತು ಬಂತು. ಎದ್ದ ಕನ್ನಡಿ ತಾನಾಗಿ ಇಳಿಯುವ ವ್ಯವಸ್ಥೆಯನ್ನು 1954ರಲ್ಲಿ ಜಪಾನಿನ ಅಸಾಹಿ ಕಂಪನಿ ಕೂರಿಸಿತು. ಫಿಲ್ಮ್ ಜಾಗಕ್ಕೆ ಸೆನ್ಸರ್ ಬಂದ ಕಥೆ ಬೇರೆ. ಕೊಡಾಕ್‌ನ ಎಂಜಿನಿಯರ್ ಸ್ಟೀವನ್ ಸ್ಯಾಸನ್ 1975ರಲ್ಲಿ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಹತ್ತು ಸಾವಿರ ಚುಕ್ಕೆಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ಬರೆಯಲು 23 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. 1991ರಲ್ಲಿ ಅದೇ ಕೊಡಾಕ್, ನಿಕಾನ್ ಎಫ್3 ಬಾಡಿಗೆ 1.3 ಮೆಗಾಪಿಕ್ಸೆಲ್ ಸೆನ್ಸರ್ ಅಂಟಿಸಿ ಮಾರಿತು. ಸಾಮಾನ್ಯ ಹವ್ಯಾಸಿಯ ಕೈಗೆ ಡಿಎಸ್‌ಎಲ್‌ಆರ್ ಎಟುಕಿದ್ದು 2003ರಲ್ಲಿ, ಕ್ಯಾನನ್ 300ಡಿ ಸಾವಿರ ಡಾಲರಿಗಿಂತ ಕಡಿಮೆಗೆ ಬಂದಾಗ. ಅದಕ್ಕೂ ಹಿಂದೆ, ಫಿಲ್ಮ್ ಕಾಲದಲ್ಲಿ, ಸಂಡೂರಿನ ಎಂ.ವೈ. ಘೋರ್ಪಡೆ, ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರ ತಲೆಮಾರು ಕರ್ನಾಟಕದ ಕಾಡುಪ್ರಾಣಿಗಳನ್ನು ಸೆರೆಹಿಡಿದದ್ದು ಒಂದು ರೋಲಿಗೆ 36 ಚಿತ್ರಗಳ ಲೆಕ್ಕದಲ್ಲಿ. ಫೋಕಸ್ ಸರಿಯಿತ್ತೋ ಇಲ್ಲವೋ ತಿಳಿಯುತ್ತಿದ್ದದ್ದು ರೋಲ್ ತೊಳೆದ ಮೇಲೆ. ಇಂದಿನ ಕಲಿಕೆಗಾರ ಅದನ್ನು ಎರಡು ಸೆಕೆಂಡಿನಲ್ಲಿ ತಿಳಿಯುತ್ತಾನೆ. ಬೇಗ ಕಲಿಯಲು ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ.

ಕಡಿಮೆ ಬೆಲೆಯ ಬಾಡಿಗಳಲ್ಲಿ ಗಾಜಿನ ಪಟ್ಟಕದ ಬದಲು ಕನ್ನಡಿ ತುಂಡುಗಳನ್ನೇ ಐದು ಮೂಲೆಯಾಗಿ ಜೋಡಿಸಿರುತ್ತಾರೆ. ತೂಕ ಇಳಿಯುತ್ತದೆ, ಆದರೆ ವ್ಯೂಫೈಂಡರ್ ಕೊಂಚ ಮಂಕು, ಕೊಂಚ ಚಿಕ್ಕದು. ಚೌಕಟ್ಟಿನ ಶೇಕಡಾ 95ರಷ್ಟು ಭಾಗವಷ್ಟೇ ಕಾಣುತ್ತದೆ. ನಿಕಾನ್ ಡಿ3500, ಡಿ5600, ಕ್ಯಾನನ್ 1500ಡಿ, 200ಡಿ ಈ ಗುಂಪಿನವು. ನಿಕಾನ್ ಡಿ7200, ಡಿ7500, ಕ್ಯಾನನ್ 80ಡಿ, 90ಡಿಗಳಲ್ಲಿ ನಿಜವಾದ ಪಟ್ಟಕವಿದೆ. ಅಂಗಡಿಯಲ್ಲಿ ಎರಡನ್ನೂ ಒಂದರ ಹಿಂದೊಂದು ಕಣ್ಣಿಗೆ ಹಿಡಿಯಿರಿ, ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಕನ್ನಡಕ ಹಾಕುವವರು ಕನ್ನಡಕ ಸಮೇತ ನೋಡಬೇಕು.

ಕನ್ನಡಿಯ ಇನ್ನೊಂದು ಕೆಲಸ ಹೊರಗೆ ಕಾಣುವುದಿಲ್ಲ. ಅದರ ನಡುಭಾಗ ಅರೆಪಾರದರ್ಶಕ. ಅಲ್ಲಿ ನುಸುಳಿದ ಬೆಳಕನ್ನು ಹಿಂದಿರುವ ಮರಿಕನ್ನಡಿ ಕ್ಯಾಮೆರಾದ ತಳಕ್ಕೆ ತಳ್ಳುತ್ತದೆ. ತಳದಲ್ಲಿರುವ ಫೋಕಸ್ ಘಟಕ ಲೆನ್ಸಿನ ಎರಡು ಅಂಚುಗಳಿಂದ ಬಂದ ಬೆಳಕನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತದೆ. ಎರಡೂ ತಾಳೆಯಾದರೆ ಫೋಕಸ್ ಸರಿ. ಇಲ್ಲವಾದರೆ ಲೆನ್ಸ್ ಯಾವ ದಿಕ್ಕಿಗೆ ಎಷ್ಟು ತಿರುಗಬೇಕೆಂದು ಒಂದೇ ಲೆಕ್ಕದಲ್ಲಿ ಗೊತ್ತಾಗುತ್ತದೆ. ಹಾರುವ ಹಕ್ಕಿಯನ್ನು ಡಿಎಸ್‌ಎಲ್‌ಆರ್ ಹಿಡಿಯುವುದು ಹೀಗೆ. ಆದರೆ ಇಲ್ಲೊಂದು ತೊಡಕಿದೆ. ಚಿತ್ರ ಮೂಡುವುದು ಸೆನ್ಸರ್ ಮೇಲೆ, ಫೋಕಸ್ ಅಳೆಯುವುದು ತಳದಲ್ಲಿ. ಎರಡು ದಾರಿಗಳ ಉದ್ದ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಫೋಕಸ್ ಮುಂದೆಯೋ ಹಿಂದೆಯೋ ಕೂರುತ್ತದೆ. ದಿನಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಓರೆಯಾಗಿ ನಿಂತು, ಒಂದು ಸಾಲಿಗೆ ಫೋಕಸ್ ಮಾಡಿ, ಲೆನ್ಸಿನ ಬಾಯಿ ಪೂರ್ತಿ ತೆರೆದು ಫೋಟೋ ತೆಗೆಯಿರಿ. ಚೂಪಾಗಿ ಬಂದದ್ದು ನೀವು ಗುರಿಯಿಟ್ಟ ಸಾಲೇ ಹೌದೇ ಎಂದು ದೊಡ್ಡದು ಮಾಡಿ ನೋಡಿ. ಹಳೆಯ ಕ್ಯಾಮೆರಾ ಕೊಳ್ಳುವವರಂತೂ ಈ ಪರೀಕ್ಷೆ ಮಾಡದೆ ಹಣ ಕೊಡಬಾರದು.

ಇನ್ನು ಬೆಳಕಿನ ಪ್ರಮಾಣ. ವಾಣಿವಿಲಾಸ ಸಾಗರ ಜಲಾಶಯದ ನೀರು ಹಾಯಿಸುವ ಹಿರಿಯೂರಿನ ರೈತರಿಗೆ ಇದನ್ನು ವಿವರಿಸುವುದು ಸುಲಭ: ತೂಬು ಎಷ್ಟು ಅಗಲ ತೆರೆದಿದೆ ಎಂಬುದು ಅಪರ್ಚರ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ಅಗಲ), ಎಷ್ಟು ಹೊತ್ತು ತೆರೆದಿತ್ತು ಎಂಬುದು ಶಟರ್ ವೇಗ. ಐಎಸ್‌ಒ ಹೆಚ್ಚಿಸಿದರೆ ಬೆಳಕು ಹೆಚ್ಚುವುದಿಲ್ಲ. ಬಂದಷ್ಟನ್ನೇ ವಿದ್ಯುನ್ಮಾನವಾಗಿ ಹಿಗ್ಗಿಸುತ್ತದೆ, ಜೊತೆಗೆ ಗದ್ದಲದ ಚುಕ್ಕೆಗಳೂ ಹಿಗ್ಗುತ್ತವೆ.

ಮಳೆನೆರಳಿನ ಚಿತ್ರದುರ್ಗ ಜಿಲ್ಲೆಯಲ್ಲಿ ಬಿಸಿಲಿಗೆ ಬರವಿಲ್ಲ. ಕೋಟೆಯ ಬಂಡೆಗಳ ಮೇಲೆ ನೆತ್ತಿಯ ಬಿಸಿಲಿರುವಾಗ ಐಎಸ್‌ಒ 100, ಎಫ್ 8, ಸೆಕೆಂಡಿನ 400ನೇ ಒಂದು ಭಾಗ ಸಾಕು. ಆ ಲೆಕ್ಕದಲ್ಲಿ ಬಾಡಿಯ ಜೊತೆಗೇ ಬರುವ ಅತಿ ಅಗ್ಗದ ಕಿಟ್ ಲೆನ್ಸೂ ಚೂಪಾದ ಚಿತ್ರ ಕೊಡುತ್ತದೆ. ಮಧ್ಯಾಹ್ನದ ಏಳು ಸುತ್ತಿನ ಕೋಟೆಗೆಂದು ದುಬಾರಿ ಕ್ಯಾಮೆರಾ ಕೊಳ್ಳುವ ಅಗತ್ಯವೇ ಇಲ್ಲ. ಅಲ್ಲಿ ಎದುರಾಗುವ ಕಷ್ಟ ಇನ್ನೊಂದು: ಒನಕೆ ಓಬವ್ವನ ಕಿಂಡಿಯ ಕತ್ತಲನ್ನೂ ಹೊರಗಿನ ಉರಿಬಿಸಿಲನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುವುದು. ಇದಕ್ಕೆ 'ರಾ' ಫೈಲ್ ಬೇಕು. ಜೆಪೆಗ್ ಪ್ರತಿ ಬಣ್ಣಕ್ಕೆ 256 ಹಂತಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, 12 ಬಿಟ್‌ನ ರಾ 4,096 ಹಂತಗಳನ್ನು, 14 ಬಿಟ್‌ನದು 16,384 ಹಂತಗಳನ್ನು. ಕತ್ತಲಲ್ಲಿ ಅಡಗಿದ ಕಲ್ಲಿನ ಮೈಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಮೇಲೆತ್ತಬಹುದು. ಎಲ್ಲ ಡಿಎಸ್‌ಎಲ್‌ಆರ್‌ಗಳಲ್ಲೂ ಈ ಸೌಲಭ್ಯವಿದೆ, ಬಳಸುವವರು ಕಡಿಮೆ. ಹೊಳಲ್ಕೆರೆಯ ಅಡಿಕೆ ತೋಟದಲ್ಲಿ ಇದರ ತಿರುವುಮುರುವು. ನೆರಳು ದಟ್ಟವಾಗಿರುವುದರಿಂದ ಬೆಳಕು ಅಳೆಯುವ ಮೀಟರ್ ಎಕ್ಸ್‌ಪೋಷರ್ ಹೆಚ್ಚಿಸಿಬಿಡುತ್ತದೆ, ಎಲೆಗಳ ನಡುವೆ ಬಿದ್ದ ಬಿಸಿಲಿನ ತುಣುಕುಗಳು ಬೆಳ್ಳಗೆ ಸುಟ್ಟುಹೋಗುತ್ತವೆ. ಎಕ್ಸ್‌ಪೋಷರ್ ಅನ್ನು ಮೈನಸ್ ಒಂದಕ್ಕೆ ಇಳಿಸಿದರೆ ತೋಟ ತೋಟದಂತೆಯೇ ಕಾಣುತ್ತದೆ.

ಹೊಸದುರ್ಗದ ಕಡೆ ಗುಡ್ಡಸಾಲಿನ ಗಾಳಿಯಂತ್ರಗಳು ಶಟರ್ ವೇಗದ ಪಾಠಕ್ಕೆ ಹೇಳಿ ಮಾಡಿಸಿದಂತಿವೆ. 40 ಮೀಟರ್ ಉದ್ದದ ರೆಕ್ಕೆಯೊಂದು ನಿಮಿಷಕ್ಕೆ 15 ಸುತ್ತು ತಿರುಗುತ್ತಿದೆ ಎನ್ನಿ. ಅದರ ತುದಿ ಸೆಕೆಂಡಿಗೆ ಸುಮಾರು 63 ಮೀಟರ್ ಓಡುತ್ತದೆ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ತುದಿ ಸರಿಯುವುದು ಆರು ಸೆಂಟಿಮೀಟರ್. ಫೋಟೋದಲ್ಲಿ ಯಂತ್ರ ಕೆಟ್ಟು ನಿಂತಂತೆ ಕಾಣುತ್ತದೆ. 30ನೇ ಒಂದು ಭಾಗಕ್ಕೆ ಇಳಿಸಿದರೆ ತುದಿ ಎರಡು ಮೀಟರ್ ಸರಿದು ಮಸುಕಾಗುತ್ತದೆ, ಕಂಬ ಅಲುಗದೆ ನಿಲ್ಲುತ್ತದೆ, ಗಾಳಿ ಕಣ್ಣಿಗೆ ಕಾಣುತ್ತದೆ. ಈ ಆಯ್ಕೆಯನ್ನು ಕೈಯಾರೆ ಮಾಡಲು ಒಂದು ಡಯಲ್ ಸಾಕು. ಎರಡು ಡಯಲ್ ಇದ್ದರೆ ಇನ್ನೂ ಸಲೀಸು, ಮೆನುವಿನೊಳಗೆ ಹೋಗಿ ಹುಡುಕುವುದು ತಪ್ಪುತ್ತದೆ.

ಹಾಗಾದರೆ ಕ್ಯಾಮೆರಾದ ಬಲ ನಿಜವಾಗಿ ಗೊತ್ತಾಗುವುದು ಎಲ್ಲಿ? ಅದೇ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ, ನಾಟಕದ ರಾತ್ರಿ. ಶಿವಸಂಚಾರ ತಂಡದ ಈ ಊರಿನಲ್ಲಿ ಪ್ರತಿವರ್ಷ ನಾಟಕೋತ್ಸವ ನಡೆಯುತ್ತದೆ. ಬಯಲು ರಂಗಮಂದಿರ, ಬಣ್ಣದ ದೀಪ, ಸುತ್ತ ಕತ್ತಲು, ಓಡಾಡುವ ನಟರು. ಐಎಸ್‌ಒ 3200ಕ್ಕೆ ಏರಿಸಿದರೂ 18-55 ಕಿಟ್ ಲೆನ್ಸ್ ಉದ್ದಕ್ಕೆ ಚಾಚಿದಾಗ ಅದರ ಬಾಯಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಶಟರ್ 15ನೇ ಒಂದು ಭಾಗಕ್ಕೆ ಇಳಿಯಿತು ಎನ್ನಿ. ನಟನ ಕೈ, ಮುಖ ಎಲ್ಲ ಕಲಸಿಹೋಗುತ್ತದೆ. ಈಗ ಲೆನ್ಸ್ ಬದಲಿಸಿ 50 ಮಿ.ಮೀ. ಎಫ್ 1.8 ಹಾಕಿ. 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಹತ್ತಿರ ಹತ್ತಿರ ಹತ್ತು. ಹತ್ತು ಪಟ್ಟು ಬೆಳಕು! ಶಟರ್ 15ರಿಂದ ಸುಮಾರು 145ಕ್ಕೆ ಏರುತ್ತದೆ, ನಟನ ಕಣ್ಣು ನಿಚ್ಚಳವಾಗಿ ನಿಲ್ಲುತ್ತದೆ. ಯಾವ ಹೊಸ ಬಾಡಿಯೂ ಈ ಬೆಲೆಗೆ ಇಷ್ಟು ದೊಡ್ಡ ಜಿಗಿತ ಕೊಡುವುದಿಲ್ಲ. ಬಾಡಿಯ ಮೇಲಿನ ಫ್ಲ್ಯಾಷ್ ನೆಚ್ಚಬೇಡಿ. ಅದರ ಬೆಳಕು ರಂಗಕ್ಕೆ ಮುಟ್ಟುವ ಮೊದಲೇ ಸೋಲುತ್ತದೆ, ಮುಟ್ಟಿದರೂ ದೀಪವಿನ್ಯಾಸವನ್ನು ಹಾಳುಮಾಡಿ ನಟರ ಕಣ್ಣು ಕುಕ್ಕುತ್ತದೆ. ಕನ್ನಡಿಯ ಸದ್ದು ಮಾತಿನ ನಡುವಿನ ಮೌನವನ್ನು ಕೆಡಿಸುವುದರಿಂದ ಹಿಂದಿನ ಸಾಲಿನಲ್ಲಿ ಕೂತು ಕ್ವಯಟ್ ಮೋಡ್ ಹಾಕಿಕೊಳ್ಳುವುದು ರಂಗಕ್ಕೆ ತೋರುವ ಗೌರವ.

ಇಲ್ಲೇ ನಿಕಾನ್ ಕೊಳ್ಳುವವರಿಗೊಂದು ಎಚ್ಚರಿಕೆ. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಹಳೆಯ 'ಎಎಫ್-ಡಿ' 50 ಮಿ.ಮೀ. ಲೆನ್ಸ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು. 'ಎಎಫ್-ಎಸ್' ಎಂದು ಬರೆದಿರುವುದನ್ನೇ ಕೇಳಿ. ಡಿ7000 ಸರಣಿಗೆ ಈ ಸಮಸ್ಯೆಯಿಲ್ಲ. ಕ್ಯಾನನ್‌ನಲ್ಲಿ 1987ರಿಂದ ಬಂದ ಇಎಫ್ ಲೆನ್ಸ್‌ಗಳಿಗೆ ಮೋಟಾರ್ ಲೆನ್ಸಿನೊಳಗೇ ಇದೆ.

ಝೂಮ್ ಬಗ್ಗೆ ಹುಡುಗರು ಕೇಳುವ ಪ್ರಶ್ನೆಗೂ ಉತ್ತರ ಕೊಡಬೇಕಲ್ಲ. 1933ರ ನಂತರ 2022ರಲ್ಲಿ ಮತ್ತೆ ಕೋಡಿ ಬಿದ್ದ ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ ಕೊಕ್ಕರೆ, ನೀರುಕಾಗೆ, ಮಿಂಚುಳ್ಳಿ ಹುಡುಕುವವರಿಗೆ 300 ಮಿ.ಮೀ. ತನಕ ಬೇಕೇ ಬೇಕು. ಮೇಲೆ ಹೇಳಿದ ನಿಕಾನ್ ಬಾಡಿಗಳ ಸೆನ್ಸರ್ 36×24 ಮಿ.ಮೀ. ಫಿಲ್ಮಿಗಿಂತ ಚಿಕ್ಕದು, ಸುಮಾರು 23.5×15.6 ಮಿ.ಮೀ. ಹೀಗಾಗಿ 300ರ ಲೆನ್ಸ್ ಫಿಲ್ಮ್ ಕ್ಯಾಮೆರಾದ 450ರಷ್ಟು ಕಿರಿದಾದ ನೋಟ ಕೊಡುತ್ತದೆ. ಹಕ್ಕಿ ಪ್ರಿಯರಿಗೆ ಚಿಕ್ಕ ಸೆನ್ಸರ್ ಲಾಭವೇ. ಮೆಗಾಪಿಕ್ಸೆಲ್ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: 24 ಮೆಗಾಪಿಕ್ಸೆಲ್ ಎಂದರೆ 6000×4000 ಚುಕ್ಕೆ, 12×18 ಇಂಚಿನ ಪ್ರಿಂಟಿಗೆ ಧಾರಾಳ.

ಮಲೆನಾಡಿನಲ್ಲಿ ಕ್ಯಾಮೆರಾಕ್ಕೆ ಶತ್ರು ಬೂಷ್ಟು, ಇಲ್ಲಿ ದೂಳು. ಗಾಳಿ ಬೀಸುವ ಗುಡ್ಡದ ಮೇಲೆ ಲೆನ್ಸ್ ಬದಲಿಸಲೇಬೇಕಾದರೆ ಗಾಳಿಗೆ ಬೆನ್ನು ಕೊಟ್ಟು, ಬಾಡಿಯ ಬಾಯಿ ನೆಲದ ಕಡೆ ಮಾಡಿ ಬದಲಿಸಿ. ಒಳಹೊಕ್ಕ ಒಂದು ಕಣ ಸೆನ್ಸರ್ ಮೇಲೆ ಕೂತರೆ ಪ್ರತಿ ಚಿತ್ರದ ಆಕಾಶದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ. ಕೊಳ್ಳುವ ಮುನ್ನ ಎಫ್ 16 ಅಥವಾ 22ಕ್ಕೆ ಇಟ್ಟು ಬರೀ ನೀಲಿ ಆಕಾಶದ ಫೋಟೋ ತೆಗೆದರೆ ಇದು ಬಯಲಾಗುತ್ತದೆ. ಮಲೆನಾಡಿನಿಂದ ಬಂದ ಲೆನ್ಸ್ ಆಗಿದ್ದರೆ ಹಿಂದಿನಿಂದ ಟಾರ್ಚ್ ಬೆಳಕು ಹಾಯಿಸಿ. ಜೇಡರಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ವಾಪಸ್ ಕೊಡಿ. ಮದುವೆ ಫೋಟೋಗ್ರಾಫರ್‌ಗಳು ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗುವಾಗ ಮಾರುವ ಬಾಡಿಗಳಲ್ಲಿ ಶಟರ್ ಕೌಂಟ್, ಅಂದರೆ ಈವರೆಗೆ ಎಷ್ಟು ಕ್ಲಿಕ್ ಆಗಿದೆ ಎಂದು, ಕೇಳಲೇಬೇಕು. ಡಿ3500, ಡಿ5600ರಂಥವನ್ನು ಒಂದು ಲಕ್ಷ ಕ್ಲಿಕ್‌ಗೆ ಪರೀಕ್ಷಿಸಿರುತ್ತಾರೆ, ಡಿ7200ನ್ನು ಒಂದೂವರೆ ಲಕ್ಷಕ್ಕೆ. ನಿಕಾನ್‌ನ ಜೆಪೆಗ್ ಫೈಲಿನೊಳಗೇ ಈ ಎಣಿಕೆ ದಾಖಲಾಗಿರುತ್ತದೆ. ಕ್ಯಾನನ್‌ನ ಹೆಚ್ಚಿನ ಮಾದರಿಗಳಲ್ಲಿ ಬೇರೆ ಸಾಫ್ಟ್‌ವೇರ್ ಬೇಕು.

ಕನ್ನಡಿಯಿಲ್ಲದ ಕ್ಯಾಮೆರಾಗಳ ಕಾಲದಲ್ಲಿ ಡಿಎಸ್‌ಎಲ್‌ಆರ್ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಕ್ಯಾನನ್, ನಿಕಾನ್ ಎರಡೂ 2020ರ ನಂತರ ತಮ್ಮ ಗಮನವನ್ನು ಮಿರರ್‌ಲೆಸ್ ಕಡೆ ತಿರುಗಿಸಿವೆ, ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ಮಿರರ್‌ಲೆಸ್‌ನಲ್ಲಿ ಫೋಕಸ್ ಅಳೆಯುವುದು ಸೆನ್ಸರ್ ಮೇಲೆಯೇ, ಆದ್ದರಿಂದ ಮೇಲೆ ಹೇಳಿದ ಮುಂದೆಹಿಂದೆಯ ತೊಡಕಿಲ್ಲ. ವಿಡಿಯೋ ಮುಖ್ಯವಾದವರು ಅದನ್ನೇ ಕೊಳ್ಳಲಿ. ಫೋಟೋ ಕಲಿಯುವವರಿಗೆ ಮಾತ್ರ ನನ್ನ ಮಾತು ಬೇರೆ. ಕನ್ನಡಿಯ ವ್ಯೂಫೈಂಡರ್‌ನಲ್ಲಿ ಪರದೆ ಉರಿಯುವುದಿಲ್ಲ, ಒಂದು ಬ್ಯಾಟರಿ ಇಡೀ ದಿನ ಬರುತ್ತದೆ. ದಶಕಗಳಿಂದ ತಯಾರಾದ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಹೇರಳವಾಗಿವೆ.

ಆದ್ದರಿಂದ ಇಟ್ಟ ಹಣದಲ್ಲಿ ಅರ್ಧವನ್ನು ಲೆನ್ಸಿಗೆ ಎತ್ತಿಡಿ. ಚೆನ್ನಾಗಿ ನೋಡಿಕೊಂಡ ಬಳಸಿದ ಬಾಡಿ, 18-55, ಜೊತೆಗೆ 50 ಮಿ.ಮೀ. ಎಫ್ 1.8: ಮೊದಲ ವರ್ಷಕ್ಕೆ ಇಷ್ಟು ಸಾಕು, ಹಕ್ಕಿಯ ಹುಚ್ಚು ಹತ್ತಿದರೆ ಉದ್ದ ಝೂಮ್ ಆಮೇಲೆ. ಅಂಗಡಿಗೆ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಅಲ್ಲಿ ತೆಗೆದ ಚಿತ್ರಗಳನ್ನು ಮನೆಗೆ ತಂದು ಕಂಪ್ಯೂಟರಿನಲ್ಲಿ ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ನೋಡಿದ ಮೇಲೆ ಹಣ ಕೊಡಿ.