ಫರ್ಮ್‌ವೇರ್ ದೋಷ ಮತ್ತು ಯಂತ್ರದ ಗುರುತು: ಜೋಡಣೆದಾರರು ಅರಿಯಬೇಕಾದ ಅಂಶಗಳು

ಕೋಣನಕುಂಟೆಯ ಸಣ್ಣ ಉದ್ದಿಮೆದಾರರೊಬ್ಬರು ಆಮದು ಬೋರ್ಡ್‌ಗಳಿಂದ ಬಿಲ್ಲಿಂಗ್ ಯಂತ್ರಗಳನ್ನು ಜೋಡಿಸಿ, ಲಿನಕ್ಸ್ ಅಳವಡಿಸಿ ಮಾರುತ್ತಾರೆಂದು ಇಟ್ಟುಕೊಳ್ಳಬಹುದು. ಯಂತ್ರವು ಆರಂಭವಾಗುತ್ತದೆ, ಆದರೆ ಸ್ಪರ್ಶಪರದೆ ಕೆಲಸ ಮಾಡುವುದಿಲ್ಲ. ಪರದೆಯನ್ನು ಬದಲಿಸಿದರೂ ಫಲವಿಲ್ಲ. ಇಂತಹ ಸಂದರ್ಭಗಳಲ್ಲಿ ದೋಷವು ಬಿಡಿಭಾಗದಲ್ಲಿರದೆ ಬೋರ್ಡಿನ ಫರ್ಮ್‌ವೇರ್‌ನಲ್ಲಿ ಇರುವುದುಂಟು.

ದೋಷ ಹುಟ್ಟುವ ಬಗೆ

ಯಂತ್ರಕ್ಕೆ ಚಾಲನೆ ನೀಡಿದೊಡನೆ ಮೊದಲು ಕಾರ್ಯಪ್ರವೃತ್ತವಾಗುವುದು ಬೋರ್ಡಿನ ಚಿಪ್‌ನಲ್ಲಿ ಅಡಕವಾಗಿರುವ ಫರ್ಮ್‌ವೇರ್, ಅಂದರೆ ಬಯಾಸ್ ಅಥವಾ ಯುಇಎಫ್‌ಐ. ಮೆಮೊರಿಯ ಯಾವ ಭಾಗ ಬಳಕೆಗೆ ಲಭ್ಯ, ಯಾವ ಉಪಕರಣ ಎಲ್ಲಿ ಜೋಡಣೆಯಾಗಿದೆ ಎಂಬ ವಿವರಗಳನ್ನು ಅದು ಕೋಷ್ಟಕಗಳ ರೂಪದಲ್ಲಿ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ಗೆ ಒಪ್ಪಿಸುತ್ತದೆ. 1996ರಲ್ಲಿ ಮೊದಲು ಪ್ರಕಟವಾದ ಎಸಿಪಿಐ ಮಾನದಂಡವು ಇದಕ್ಕೆ ಮುಖ್ಯ ಆಧಾರ. ಅನೇಕ ತಯಾರಕರು ವಿಂಡೋಸ್‌ನಲ್ಲಿ ಮಾತ್ರ ಪರೀಕ್ಷಿಸುವುದರಿಂದ ಕೋಷ್ಟಕದ ತಪ್ಪುಗಳು ಬೆಳಕಿಗೆ ಬಾರದೆ ಉಳಿಯುತ್ತವೆ.

ಕರ್ನಲ್ ಅನುಸರಿಸುವ ಕ್ರಮ

ಲಿನಕ್ಸ್ ಕರ್ನಲ್ ಈ ವಿವರಗಳನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಅಸಂಗತ ಮಾಹಿತಿ ಕಂಡುಬಂದಲ್ಲಿ ‘ಫರ್ಮ್‌ವೇರ್ ಬಗ್’ ಎಂಬ ಎಚ್ಚರಿಕೆಯನ್ನು ತನ್ನ ದಾಖಲೆಯಲ್ಲಿ ನಮೂದಿಸುತ್ತದೆ. ಗೊತ್ತಿರುವ ದೋಷಗಳಿಗೆ ‘ಕ್ವರ್ಕ್’ ಎಂಬ ತಿದ್ದುಪಡಿ ಪಟ್ಟಿಗಳಿವೆ. ಅಗ್ಗದ ಟ್ಯಾಬ್ಲೆಟ್‌ಗಳ ಫರ್ಮ್‌ವೇರ್ ನೀಡದ ಸ್ಪರ್ಶಪರದೆಯ ಅಳತೆ ಮುಂತಾದ ವಿವರಗಳನ್ನು ಒದಗಿಸಲು ಇಂತಹದೊಂದು ಪಟ್ಟಿ 2017ರಲ್ಲಿ ಕರ್ನಲ್‌ಗೆ ಸೇರಿತು. ಎಸಿಪಿಐಯನ್ನೇ ಸ್ಥಗಿತಗೊಳಿಸುವ ಆಯ್ಕೆಯೂ ಇದೆ. ಆದರೆ ಅದರಿಂದ ವಿದ್ಯುತ್ ನಿರ್ವಹಣೆಯಂತಹ ಸೌಲಭ್ಯಗಳು ಕೈತಪ್ಪುತ್ತವೆ. ಆದ್ದರಿಂದ ಅದು ದೋಷ ಪತ್ತೆಗೆ ಉಪಾಯವೇ ಹೊರತು ಶಾಶ್ವತ ಪರಿಹಾರವಲ್ಲ.

ಗುರುತಿನ ಮಹತ್ವ

ತಿದ್ದುಪಡಿ ಯಾವ ಯಂತ್ರಕ್ಕೆ ಅನ್ವಯಿಸಬೇಕೆಂಬುದನ್ನು ಕರ್ನಲ್ ಅನೇಕ ವೇಳೆ ಡಿಎಂಐ ಮಾಹಿತಿಯಿಂದ, ಅಂದರೆ ತಯಾರಕರ ಹೆಸರು, ಮಾದರಿ ಮತ್ತು ಬಯಾಸ್ ಆವೃತ್ತಿಗಳಿಂದ, ನಿರ್ಧರಿಸುತ್ತದೆ. ಹಲವು ಬೋರ್ಡ್‌ಗಳಲ್ಲಿ ಈ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಓ.ಇ.ಎಂ.’, ಅಂದರೆ ‘ತಯಾರಕರು ಭರ್ತಿ ಮಾಡತಕ್ಕದ್ದು’ ಎಂಬ ಬರಹವೇ ಉಳಿದಿರುತ್ತದೆ. ಅದನ್ನೇ ಗುರುತೆಂದು ಬಳಸಿದರೆ ಒಬ್ಬರ ಯಂತ್ರದ ತಿದ್ದುಪಡಿ ಮತ್ತೊಬ್ಬರ ಸರಿಯಾದ ಯಂತ್ರವನ್ನು ಕೆಡಿಸೀತು. ಹೆಸರಿಲ್ಲದ ಯಂತ್ರಕ್ಕೆ ಪರಿಹಾರ ದೊರಕಿಸುವುದು ಕಷ್ಟ.

ಖರೀದಿಗೆ ಮುನ್ನ

ಸಗಟು ಖರೀದಿಗೆ ಮುನ್ನ ಒಂದೆರಡು ಮಾದರಿ ಬೋರ್ಡ್‌ಗಳನ್ನು ತರಿಸಿ, ‘ಡಿಎಂಐಡಿಕೋಡ್’ ಮೂಲಕ ಗುರುತಿನ ವಿವರಗಳನ್ನೂ, ಉಚಿತವಾಗಿ ದೊರೆಯುವ ‘ಫರ್ಮ್‌ವೇರ್ ಟೆಸ್ಟ್ ಸೂಟ್’ ಮೂಲಕ ಕೋಷ್ಟಕಗಳನ್ನೂ ಪರೀಕ್ಷಿಸುವುದು ಲೇಸು. ಗುರುತನ್ನು ಭರ್ತಿ ಮಾಡಿಕೊಡುವುದು ಹಾಗೂ ದೋಷ ಕಂಡಲ್ಲಿ ಬಯಾಸ್ ತಿದ್ದಿಕೊಡುವುದು ಸರಬರಾಜುದಾರರ ಹೊಣೆಯೆಂದು ಖರೀದಿ ಆದೇಶದಲ್ಲಿಯೇ ಬರೆಸತಕ್ಕದ್ದು. ಹಣ ಸಂದಾಯವಾದ ಮೇಲೆ ಇದನ್ನು ಕೇಳಿ ಪಡೆಯುವುದು ಸುಲಭವಲ್ಲ.