‘ಪ್ಲೇ’ ಅಂದರೆ ಬರೀ ಆಟವಲ್ಲ

ಮೂರನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ಕ್ರಮವನ್ನು ಚೀನಾ 2001ರಲ್ಲಿ ಆರಂಭಿಸಿತು. ಅಲ್ಲಿನ ಮಕ್ಕಳು ಮೊದಮೊದಲು ಕಲಿಯುವ ಪದಗಳಲ್ಲಿ ‘ಪ್ಲೇ’ ಒಂದು. ದೊಡ್ಡವರಾದ ಮೇಲೂ ಅದು ಅವರನ್ನು ಕಾಡುತ್ತದೆ. ಅದರ ಸುತ್ತ ಬೆಳೆದಿರುವ ತಪ್ಪು ಕಲ್ಪನೆಗಳೇ ಅದಕ್ಕೆ ಕಾರಣ.

ತಪ್ಪು ಕಲ್ಪನೆ: ‘ಪ್ಲೇ’ಗೆ ಚೀನೀ ಪದ ‘ವಾನ್’.

ಸತ್ಯ: ಮಗು ಗೊಂಬೆಯ ಜೊತೆ ಆಡುವುದಕ್ಕೆ ‘ವಾನ್’ ಸರಿ. ಆದರೆ ಪಿಯಾನೊಗೆ ‘ಥಾನ್’, ಅಂದರೆ ಮೀಟು. ಕೊಳಲಿಗೆ ‘ಛ್ವೇ’, ಊದು. ಕಮಾನು ಆಡಿಸುವ ಪಿಟೀಲಿಗೆ ‘ಲಾ’, ಎಳೆ. ಬಾಸ್ಕೆಟ್‌ಬಾಲ್‌ಗೆ ‘ತಾ’, ಹೊಡೆ. ಫುಟ್‌ಬಾಲ್‌ಗೆ ‘ಥೀ’, ಒದೆ. ನಾಟಕದ ಪಾತ್ರಕ್ಕೆ ‘ಯೆನ್’. ಕೈ, ಕಾಲು, ಉಸಿರು ಏನು ಮಾಡುತ್ತಿವೆ ಎಂಬುದನ್ನು ಚೀನೀ ಬಿಡಿಸಿ ಹೇಳುತ್ತದೆ. ಇಂಗ್ಲಿಷ್ ಎಲ್ಲಕ್ಕೂ ಒಂದೇ ಪದ ಸಾಕು ಎನ್ನುತ್ತದೆ.

ತಪ್ಪು ಕಲ್ಪನೆ: ‘ನಿನ್ನೆ ಗೆಳೆಯರ ಜೊತೆ ಪ್ಲೇ ಮಾಡಿದೆ’ ಎನ್ನುವ ಚೀನೀ ಯುವಕನಿಗೆ ಇಂಗ್ಲಿಷ್ ತಲೆಗೆ ಹತ್ತಿಲ್ಲ.

ಸತ್ಯ: ‘ವಾನ್’ ಪದದ ಹರವು ದೊಡ್ಡದು. ಗೆಳೆಯರೊಡನೆ ಸುತ್ತಾಡುವುದು, ಊರು ನೋಡಿ ಬರುವುದು, ಮೊಬೈಲ್ ಹಿಡಿದು ಕೂರುವುದು ಎಲ್ಲವೂ ‘ವಾನ್’. ಆ ಹರವನ್ನೇ ಆತ ‘ಪ್ಲೇ’ಗೂ ಕೊಟ್ಟಿದ್ದಾನೆ. ಇಂಗ್ಲಿಷ್‌ನವರಿಗೆ ಅದು ಮಕ್ಕಳಾಟದ ಮಾತಾಗಿ ಕೇಳಿಸುತ್ತದೆ. ಈ ತಪ್ಪಿನ ಬೇರು ದಡ್ಡತನದಲ್ಲಿಲ್ಲ, ತಾಯ್ನುಡಿಯಲ್ಲಿದೆ.

ತಪ್ಪು ಕಲ್ಪನೆ: ಒಂದೇ ಪದಕ್ಕೆ ಹತ್ತಾರು ಅರ್ಥ ಹೊರಿಸುವುದು ಇಂಗ್ಲಿಷ್ ಮಾತ್ರ.

ಸತ್ಯ: ಹೊಡೆ ಎಂಬ ಅರ್ಥದ ‘ತಾ’ ಪದವನ್ನೇ ನೋಡಿ. ಫೋನ್ ಮಾಡುವುದಕ್ಕೂ, ಟ್ಯಾಕ್ಸಿ ಹಿಡಿಯುವುದಕ್ಕೂ, ಇಂಜೆಕ್ಷನ್ ಚುಚ್ಚುವುದಕ್ಕೂ, ಸ್ವೆಟರ್ ಹೆಣೆಯುವುದಕ್ಕೂ ಚೀನೀಯರು ಅದನ್ನೇ ಬಳಸುತ್ತಾರೆ. ನಮ್ಮ ಕನ್ನಡವೂ ಇಲ್ಲಿ ಎರಡೂ ಕಡೆ ಇದೆ. ವೀಣೆ ನುಡಿಸು, ಕೊಳಲು ಊದು, ಮದ್ದಳೆ ಬಾರಿಸು ಎನ್ನುವಾಗ ನಾವು ಚೀನೀಯರಂತೆ; ಚೆಂಡಾಟವನ್ನೂ ನಾಟಕವನ್ನೂ ‘ಆಡು’ವಾಗ ಇಂಗ್ಲಿಷರಂತೆ.

ತಪ್ಪು ಕಲ್ಪನೆ: ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಿದರೆ ಪದ ಕೈವಶವಾಗುತ್ತದೆ.

ಸತ್ಯ: ಪದ ಒಲಿಯುವುದು ಅದರ ಜೊತೆಗಾರರೊಂದಿಗೆ ಕಲಿತಾಗ. ‘ಪ್ಲೇ ಫುಟ್‌ಬಾಲ್’ ಎನ್ನುವಾಗ ನಡುವೆ ಏನೂ ಬೇಡ. ‘ಪ್ಲೇ ದ ಪಿಯಾನೊ’ ಎನ್ನುವಾಗ ಸಾಮಾನ್ಯವಾಗಿ ‘ದ’ ಬರುತ್ತದೆ. ಅಂಥ ಪದವೇ ಇಲ್ಲದ ಭಾಷೆಯಿಂದ ಬಂದ ಮಗುವಿಗೆ ಅರ್ಥಗಳ ಪಟ್ಟಿ ಇದನ್ನು ಕಲಿಸಲಾರದು. ನೋಟ್‌ಬುಕ್ಕಿನಲ್ಲಿ ‘ಪ್ಲೇ’ ಎದುರು ‘ವಾನ್’ ಎಂದಷ್ಟೇ ಬರೆಸುವ ಬದಲು, ‘ಪ್ಲೇ ದ ಪಿಯಾನೊ’ ಎದುರು ‘ಥಾನ್ ಕಾಂಗ್‌ಛಿನ್’ ಎಂದು ಮೊದಲ ದಿನವೇ ಬರೆಸಲಿ. ಮುಂದೆ ಆ ಮಗು ಅಳಿಸಿ ತಿದ್ದಬೇಕಾದ್ದು ಎಷ್ಟೋ ಕಡಿಮೆಯಾಗುತ್ತದೆ.